ವಾಟರ್‌ಕಲರ್ ಪೇಂಟಿಂಗ್ ಪ್ರಿಂಟ್ ಮಾಡಿಸಿದ್ರೆ ಮಂಕಾಗಿ ಬರ್ತಿದೆ, ಫೈಲ್ ಹೇಗೆ ರೆಡಿ ಮಾಡ್ಬೇಕು?

ನೀರುಬಣ್ಣ:

ಎಲ್ರಿಗೂ ನಮಸ್ಕಾರ. ನಾನು ಮಾಡೋದು ಹೆಚ್ಚಾಗಿ ವಾಟರ್‌ಕಲರ್, ಎ4 ಮತ್ತೆ ಎ3 ಸೈಜು, ಕೋಲ್ಡ್ ಪ್ರೆಸ್ (ತರಿ ತರಿಯಾಗಿರೋ) ಕಾಗದದ ಮೇಲೆ. ಒರಿಜಿನಲ್ ಕೊಡೋಕೆ ಮನಸ್ಸು ಬರಲ್ಲ, ಆದ್ರೆ ಕೇಳೋರು ಇದಾರೆ, ಸರಿ ಒಳ್ಳೆ ಕಾಗದದ ಮೇಲೆ ಫೈನ್ ಆರ್ಟ್ ಪ್ರಿಂಟ್ ಮಾಡಿಸೋಣ ಅಂತ ಹೊರಟೆ. ಮನೇಲಿರೋ ಆಲ್ ಇನ್ ಒನ್ ಪ್ರಿಂಟರ್‌ನ ಸ್ಕ್ಯಾನರಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇಟ್ಟು ಸ್ಕ್ಯಾನ್ ಮಾಡಿ, ನಮ್ಮ ಯಜಮಾನ್ರ ಲ್ಯಾಪ್‌ಟಾಪಲ್ಲಿ ಸ್ವಲ್ಪ ಬ್ರೈಟ್‌ನೆಸ್ ಕಾಂಟ್ರಾಸ್ಟ್ ನೋಡ್ಕೊಂಡು ಜೆಪೆಗ್ ಕಳಿಸಿದ್ದೆ. ಸ್ಕ್ರೀನ್ ಮೇಲೆ ಸೂಪರಾಗಿ ಕಾಣ್ತಿತ್ತು. ಪ್ರಿಂಟ್ ಕೈಗೆ ಬಂದ್ಮೇಲೆ ನೋಡಿದ್ರೆ ಇಡೀ ಚಿತ್ರ ಕತ್ತಲೆ ಕತ್ತಲೆ, ಆಕಾಶದಲ್ಲಿ ಹಾಕಿದ್ದ ತೆಳು ಹಳದಿ ವಾಶ್ (ನೀರು ಜಾಸ್ತಿ ಹಾಕಿ ಬಳಿದ ಬಣ್ಣ) ಇಲ್ಲವೇ ಇಲ್ಲ, ಖಾಲಿ ಬಿಟ್ಟಿರೋ ಕಾಗದದ ಜಾಗ ಎಲ್ಲ ಬೂದು, ಅದ್ರ ಮೇಲೆ ಕಾಗದದ ತರಿ ಚುಕ್ಕಿ ಚುಕ್ಕಿಯಾಗಿ ಎದ್ದು ಕಾಣ್ತಿದೆ. ಹೂವಿಗೆ ಹಾಕಿದ್ದ ಪಿಂಕ್ ಅಂತೂ ಸತ್ತೇ ಹೋಗಿದೆ.

ಪ್ರಿಂಟ್ ಮಾಡಿದೋರನ್ನ ಕೇಳಿದ್ರೆ ನಿಮ್ಮ ಫೈಲ್ ಹಂಗಿತ್ತು ನಾವು ಏನೂ ಮುಟ್ಟಿಲ್ಲ ಅಂತಾರೆ. ಇರಬಹುದು, ಆದ್ರೆ ಫೈಲ್ ಹೆಂಗಿರ್ಬೇಕು ಅಂತ ಯಾರೂ ಬಿಡಿಸಿ ಹೇಳಲ್ಲ. ಸ್ಕ್ಯಾನ್ ಮಾಡೋದಾ ಫೋಟೋ ತೆಗೆಯೋದಾ, ಆರ್‌ಜಿಬಿನಾ ಸಿಎಂವೈಕೆನಾ (ಸ್ಕ್ರೀನಿನ ಕೆಂಪು ಹಸಿರು ನೀಲಿ ಲೆಕ್ಕನಾ, ಪ್ರೆಸ್ಸಿನ ನಾಲ್ಕು ಇಂಕ್ ಲೆಕ್ಕನಾ), ಎ4 ಚಿತ್ರನ ಎ2ಗೆ ದೊಡ್ಡದು ಮಾಡಬಹುದಾ, ಬಿಳಿ ಜಾಗನ ಅಳಿಸಿ ಹಾಕ್ಬೇಕಾ ಬೇಡ್ವಾ. ಗೊತ್ತಿರೋರು ದಯವಿಟ್ಟು ಹೇಳಿ, ಉದ್ದ ಆದ್ರೂ ಪರ್ವಾಗಿಲ್ಲ ಓದ್ತೀನಿ.

ನಾಲ್ಕುಪ್ಲೇಟ್:

ಸಿಂಪಲ್. ಪ್ರಿಂಟಿಂಗ್ ಅಂದ್ಮೇಲೆ ಸಿಎಂವೈಕೆ. ಫೋಟೋಶಾಪಲ್ಲಿ ಇಮೇಜ್ ಮೋಡ್‌ಗೆ ಹೋಗಿ ಸಿಎಂವೈಕೆ ಮಾಡಿ, ಆವಾಗ್ಲೇ ಸ್ಕ್ರೀನಲ್ಲಿ ಬಣ್ಣ ಇಳಿಯೋದು ಕಾಣತ್ತೆ, ಅಲ್ಲೇ ಸ್ಯಾಚುರೇಶನ್ ಏರಿಸಿ ಸರಿ ಮಾಡ್ಕೊಂಡು 300 ಡಿಪಿಐನಲ್ಲಿ ಪಿಡಿಎಫ್ ಮಾಡಿ ಕಳಿಸಿ. ಇನ್ವಿಟೇಶನ್, ಬ್ರೋಶರ್, ಪುಸ್ತಕದ ಕವರ್ ಎಲ್ಲ ನಾವು ಹಂಗೇ ಮಾಡೋದು, ಯಾವತ್ತೂ ಕಂಪ್ಲೇಂಟ್ ಬಂದಿಲ್ಲ.

ಬೂದುಕಾರ್ಡ್:

ನಾಲ್ಕುಪ್ಲೇಟ್ ಅವ್ರೇ, ಆಫ್‌ಸೆಟ್‌ಗೆ (ಪ್ಲೇಟ್ ಹಾಕಿ ಹೊಡೆಯೋ ಪ್ರೆಸ್ಸಿಗೆ) ನೀವು ಹೇಳಿದ್ದು ಸರಿ, ಇದಕ್ಕೆ ನಡೆಯಲ್ಲ. ಫೈನ್ ಆರ್ಟ್ ಪ್ರಿಂಟ್ ಅಂದ್ರೆ ಪಿಗ್ಮೆಂಟ್ ಇಂಕ್‌ಜೆಟ್, ಅದ್ರಲ್ಲಿ ಎಂಟು, ಹತ್ತು, ಹನ್ನೆರಡು ಇಂಕ್ ಇರತ್ತೆ, ತಿಳಿ ಸಯಾನ್, ತಿಳಿ ಮಜೆಂಟಾ, ಎರಡು ಮೂರು ತರದ ಬೂದು, ಕೆಲವ್ರದ್ರಲ್ಲಿ ಆರೆಂಜು ಗ್ರೀನು ವಯಲೆಟ್ಟು ಬೇರೆ. ಆ ಪ್ರಿಂಟರ್‌ನ ಡ್ರೈವರ್ ಕೇಳೋದೇ ಆರ್‌ಜಿಬಿ ಫೈಲು, ಅದನ್ನ ಯಾವ ಇಂಕ್‌ಗೆ ಎಷ್ಟು ಅಂತ ಹಂಚ್ಕೊಳ್ಳೋದು ಅದ್ರ ಕೆಲಸ. ನೀವು ಮೊದ್ಲೇ ಆಫ್‌ಸೆಟ್ ಲೆಕ್ಕದ ಸಿಎಂವೈಕೆ ಮಾಡಿಬಿಟ್ರೆ ಆ ಪ್ರಿಂಟರ್ ಮಾಡಬಹುದಾಗಿದ್ದ ಬಣ್ಣಗಳನ್ನೂ ನೀವೇ ಕತ್ತರಿಸಿ ಕೊಟ್ಟಂಗೆ, ಆಮೇಲೆ ಆರ್‌ಜಿಬಿಗೆ ವಾಪಸ್ ತಿರುಗಿಸಿದ್ರೂ ಹೋಗಿದ್ದು ಬರಲ್ಲ. ಪ್ರಿಂಟ್ ಮಾಡೋರೇ ಬಾಯಿಬಿಟ್ಟು ಸಿಎಂವೈಕೆ ಕೇಳಿದ್ರೆ ಮಾತ್ರ ಕೊಡಿ, ಅದೂ ಅವ್ರ ಪ್ರೊಫೈಲ್ (ಅವ್ರ ಪ್ರಿಂಟರ್ ಬಣ್ಣ ಹೆಂಗೆ ಕೊಡತ್ತೆ ಅಂತ ಹೇಳೋ ಫೈಲು) ಇಸ್ಕೊಂಡು.

ಈಗ ನೀರುಬಣ್ಣ ಅವ್ರ ವಿಷಯ. ನೀವು ಹೇಳಿರೋದು ಒಂದೇ ತೊಂದ್ರೆ ತರ ಕಾಣತ್ತೆ, ಆದ್ರೆ ಅದ್ರೊಳಗೆ ನಾಲ್ಕು ಬೇರೆ ಬೇರೆ ಇದೆ. ಎಲ್ಲದಕ್ಕೂ ಒಂದೇ ಬ್ರೈಟ್‌ನೆಸ್ ಸ್ಲೈಡರ್ ಎಳೆದ್ರೆ ಒಂದು ಸರಿಹೋಗಿ ಮೂರು ಕೆಡತ್ತೆ.

ಕತ್ತಲೆ ಬಂದಿರೋದಕ್ಕೆ ಕಾರಣ ಬಹುಪಾಲು ನಿಮ್ಮ ಲ್ಯಾಪ್‌ಟಾಪ್. ಬ್ರೈಟ್‌ನೆಸ್ ಫುಲ್ ಇಟ್ಟು ಎಡಿಟ್ ಮಾಡಿರ್ತೀರ, ಸ್ಕ್ರೀನ್ ತಾನೇ ಬೆಳಕು ಬಿಡತ್ತೆ, ಕಾಗದ ಬಿಡಲ್ಲ, ಅದು ರೂಮಲ್ಲಿರೋ ಬೆಳಕನ್ನ ವಾಪಸ್ ಕೊಡತ್ತೆ ಅಷ್ಟೇ. ಪ್ರಿಂಟ್ ಕೆಲಸ ಮಾಡೋರು ಮಾನಿಟರ್‌ನ 80 ರಿಂದ 120 ಕ್ಯಾಂಡೆಲಾ (ಸ್ಕ್ರೀನ್ ಬೆಳಕಿನ ಅಳತೆ) ಅಷ್ಟಕ್ಕೆ ಇಳಿಸಿ ಇಟ್ಕೋತಾರೆ, ಲ್ಯಾಪ್‌ಟಾಪ್ ಫುಲ್ ಬ್ರೈಟ್‌ನೆಸ್ ಅದ್ರ ಎರಡು ಮೂರು ಪಟ್ಟು ಸುಲಭವಾಗಿ ಇರತ್ತೆ. ಅಷ್ಟು ಬೆಳಕಲ್ಲಿ ಫೈಲ್ ನಿಜವಾಗ್ಲೂ ಕತ್ತಲೆ ಇದ್ರೂ ಕಣ್ಣಿಗೆ ಗೊತ್ತಾಗಲ್ಲ. ಕ್ಯಾಲಿಬ್ರೇಟರ್ ಇದ್ರೆ 6500 ಕೆಲ್ವಿನ್, ಗಾಮಾ 2.2, 100 ಕ್ಯಾಂಡೆಲಾ ಆಸುಪಾಸು ಇಟ್ಕೊಳಿ. ಇಲ್ಲ ಅಂದ್ರೆ ಒಂದು ಬಿಳಿ ಹಾಳೆನ ಸ್ಕ್ರೀನ್ ಪಕ್ಕ ಹಿಡಿದು, ಸ್ಕ್ರೀನಲ್ಲಿ ಖಾಲಿ ಬಿಳಿ ಪೇಜ್ ತೆಗೆದು, ಎರಡೂ ಹೆಚ್ಚುಕಮ್ಮಿ ಒಂದೇ ತರ ಬೆಳ್ಳಗೆ ಕಾಣೋ ತನಕ ಬ್ರೈಟ್‌ನೆಸ್ ಇಳಿಸಿ. ಮೊದಲು ಏನಿದು ಇಷ್ಟು ಡಲ್ಲು ಅನ್ನಿಸತ್ತೆ, ಹತ್ತು ನಿಮಿಷದಲ್ಲಿ ಕಣ್ಣು ಹೊಂದ್ಕೊಳತ್ತೆ. ನೈಟ್ ಲೈಟ್, ಟ್ರೂ ಟೋನ್ ತರದ್ದೆಲ್ಲ ಆಫ್.

ಹಳದಿ ವಾಶ್ ಹೋಗಿರೋದು ಸ್ಕ್ಯಾನರ್ ಆಟೋದಿಂದ. ಈ ಮನೆ ಸ್ಕ್ಯಾನರ್‌ಗಳು ಆಫೀಸ್ ಕಾಗದಕ್ಕೆ ಅಂತ ಮಾಡಿರೋದು, ಹಿನ್ನೆಲೆನ ಬಿಳಿ ಮಾಡೋದೇ ಅವುಕ್ಕೆ ಗುರಿ, ತೆಳು ಬಣ್ಣ ಅವುಗಳ ಲೆಕ್ಕದಲ್ಲಿ ಕೊಳೆ. ಸಾಫ್ಟ್‌ವೇರಲ್ಲಿ ಆಟೋ ಎಕ್ಸ್‌ಪೋಶರ್, ಬ್ಯಾಕ್‌ಗ್ರೌಂಡ್ ರಿಮೂವಲ್, ಶಾರ್ಪನಿಂಗ್, ಡಸ್ಟ್ ರಿಮೂವಲ್ ಎಲ್ಲ ಆಫ್ ಮಾಡಿ, 48 ಬಿಟ್ ಕಲರ್ ಇದ್ರೆ ಅದನ್ನ ಆರಿಸಿ, ಟಿಫ್ ಆಗಿ ಸೇವ್ ಮಾಡಿ. ಸ್ಕ್ಯಾನ್ ನೋಡೋಕೆ ಸಪ್ಪೆ ಇದ್ರೆ ಹೆದರ್ಬೇಡಿ. ಸಪ್ಪೆ ಸ್ಕ್ಯಾನ್‌ನ ಏರಿಸಬಹುದು, ಸ್ಕ್ಯಾನಲ್ಲಿ 255 (ಪೂರ್ತಿ ಬಿಳಿ) ಆಗಿ ಸುಟ್ಟುಹೋದ ಹಳದಿನ ಎಲ್ಲಿಂದ ತರ್ತೀರ?

ತರಿ ಎದ್ದು ಕಾಣೋದಕ್ಕೆ, ಸ್ಕ್ಯಾನರ್ ಒಳಗಿನ ಲೈಟು ಒಂದೇ ಕಡೆಯಿಂದ ಬೀಳತ್ತೆ, ಕೋಲ್ಡ್ ಪ್ರೆಸ್ ಕಾಗದದ ಪ್ರತಿ ಗುಂಡಿಗೂ ಒಂದು ಪುಟ್ಟ ನೆರಳು. ಅದ್ರ ಮೇಲೆ ಕಾಂಟ್ರಾಸ್ಟ್ ಏರಿಸಿದ್ರೆ ನೆರಳೆಲ್ಲ ಚುಕ್ಕಿ ಆಗತ್ತೆ. ಇನ್ನೊಂದು, ಆಲ್ ಇನ್ ಒನ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಸಿಐಎಸ್ ಸೆನ್ಸರ್, ಗಾಜಿಗೆ ಅಂಟಿಕೊಂಡಿರೋದು ಮಾತ್ರ ಶಾರ್ಪು, ಕಾಗದ ಒಂದು ಚೂರು ಉಬ್ಬಿದ್ರೂ ಅಲ್ಲಿ ಮಸುಕು. ನೀರು ಕುಡಿದ ವಾಟರ್‌ಕಲರ್ ಕಾಗದ ಉಬ್ಬದೆ ಇರತ್ತಾ? ಸಿಸಿಡಿ ಸೆನ್ಸರ್ ಇರೋ ಫ್ಲಾಟ್‌ಬೆಡ್ ಸಿಕ್ಕಿದ್ರೆ ಅದು ವಾಸಿ, ಸ್ವಲ್ಪ ಎತ್ತರ ತಗ್ಗು ತಡ್ಕೊಳತ್ತೆ.

ಒಂದು ಟ್ರಿಕ್ ಇದೆ: ಒಮ್ಮೆ ಸ್ಕ್ಯಾನ್ ಮಾಡಿ, ಚಿತ್ರನ 180 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಮಾಡಿ, ಕಂಪ್ಯೂಟರಲ್ಲಿ ಎರಡನೇದನ್ನ ನೆಟ್ಟಗೆ ತಿರುಗಿಸಿ ಎರಡನ್ನೂ ಒಂದರ ಮೇಲೊಂದು ಕೂರಿಸಿ ಮೇಲಿಂದಕ್ಕೆ 50 ಪರ್ಸೆಂಟ್ ಒಪಾಸಿಟಿ ಕೊಡಿ. ಎಡಗಡೆ ಬಿದ್ದಿದ್ದ ನೆರಳು ಬಲಗಡೆ ಬಿದ್ದಿರತ್ತೆ, ಎರಡೂ ಸೇರಿ ತರಿ ಮೆತ್ತಗಾಗತ್ತೆ. ಕೂರಿಸೋದು ಪಿಕ್ಸೆಲ್ ಟು ಪಿಕ್ಸೆಲ್ ಕರೆಕ್ಟಾಗಿರ್ಬೇಕು, ಇಲ್ಲಾಂದ್ರೆ ಗೆರೆಗಳೆಲ್ಲ ಜೋಡಿ ಜೋಡಿ. ಎ3ನ ಎರಡು ತುಂಡಲ್ಲಿ ಸ್ಕ್ಯಾನ್ ಮಾಡಿ ಜೋಡಿಸೋವಾಗ ಉಲ್ಟಾ, ಅಲ್ಲಿ ಕಾಗದ ತಿರುಗಿಸ್ಲೇಬಾರ್ದು, ಪಕ್ಕಕ್ಕೆ ಸರಿಸಬೇಕು ಅಷ್ಟೇ. ತಿರುಗಿಸಿದ್ರೆ ಅರ್ಧ ಚಿತ್ರದಲ್ಲಿ ನೆರಳು ಒಂದು ಕಡೆ ಇನ್ನರ್ಧದಲ್ಲಿ ಇನ್ನೊಂದು ಕಡೆ ಬಂದು ಮಧ್ಯೆ ಜೋಡಣೆ ಗೆರೆ ಎದ್ದು ಕಾಣತ್ತೆ. ಕಾಲು ಭಾಗದಷ್ಟಾದ್ರೂ ಓವರ್‌ಲ್ಯಾಪ್ ಇಟ್ಕೊಳಿ.

ಪಿಂಕ್ ಯಾವ ಟ್ಯೂಬು ಅಂತ ಹೇಳಿ, ಆಮೇಲೆ ಮಾತಾಡೋಣ, ನನಗೊಂದು ಅನುಮಾನ ಇದೆ.

ಮತ್ತೆ ಮುಖ್ಯವಾಗಿ, ಪ್ರಿಂಟ್‌ನ ಯಾವುದಕ್ಕೆ ಹೋಲಿಸಿ ನೋಡ್ತಿದೀರ? ಸ್ಕ್ರೀನ್‌ಗೆ ಹೋಲಿಸ್ತಿದ್ರೆ ನಿಲ್ಲಿಸಿ. ನಿಮ್ಮತ್ರ ಒರಿಜಿನಲ್ ಇದೆ. ಫೋಟೋಗ್ರಾಫರ್‌ಗಳಿಗೆ ಆ ಭಾಗ್ಯ ಇಲ್ಲ, ಅವ್ರು ನೆನಪಿಗೆ ಹೋಲಿಸ್ಬೇಕು. ನೀವು ಎಡಿಟ್ ಮಾಡೋವಾಗ ಚಿತ್ರನ ಮಾನಿಟರ್ ಪಕ್ಕ ಒಳ್ಳೆ 5000 ಕೆಲ್ವಿನ್ ಲೈಟ್ ಕೆಳಗೆ ಇಟ್ಕೊಂಡು ನೋಡ್ತಾ ಮಾಡಿ, ಫೈಲು ಅದಕ್ಕೆ ಹತ್ರ ಬರ್ಬೇಕು, ಅದಕ್ಕಿಂತ ಚೆಂದ ಆಗೋದು ಬೇಡ. ಸ್ಕ್ರೀನ್ ಮೇಲೆ ಸೂಪರಾಗಿ ಕಾಣ್ತಿತ್ತು ಅಂದ್ರಲ್ಲ, ಎಡವಟ್ಟು ಶುರುವಾಗೋದೇ ಅಲ್ಲಿ, ಒರಿಜಿನಲ್‌ನಲ್ಲಿ ಇಲ್ಲದ ಮಿಂಚನ್ನ ಸ್ಕ್ರೀನ್ ಕೊಟ್ಟಿರತ್ತೆ.

ಎರಡುಲೈಟು:

ಅಕ್ಕಾರ, ಬೂದುಕಾರ್ಡ್ ಅವ್ರು ಹೇಳಿದ್ದೆಲ್ಲ ಖರೇ ಐತಿ, ಆದ್ರ ಎ3 ಸೈಜಿಗೆ ಸ್ಕ್ಯಾನರ್ ಜೋಡಿ ಯಾಕ ಗುದ್ದಾಡ್ತೀರಿ, ಕ್ಯಾಮೆರಾ ಇದ್ರ ಫೋಟೋನ ತಗೀರಿ. ನಾ ಬರೀ ಇದ ಕೆಲಸ ಮಾಡ್ತೀನಿ, ಬ್ಯಾರೆಯವ್ರ ಚಿತ್ರದ ಫೋಟೋ ತಗಿಯೂದು.

24 ಮೆಗಾಪಿಕ್ಸೆಲ್ ಕ್ಯಾಮೆರಾ ಅಂದ್ರ 6000 ಬೈ 4000 ಪಿಕ್ಸೆಲ್. ಎ3ಕ್ಕ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಲೆಕ್ಕದಾಗ 4961 ಬೈ 3508 ಸಾಕು, ಅಂಚು ಬಿಟ್ಟು ಕತ್ತರಿಸಿದ್ರೂ ಕೂಡ್ತೈತಿ. ಲೆನ್ಸ್ 85 ಇಲ್ಲಾ 100 ಎಂಎಂ ಇರ್ಲಿ, ಮ್ಯಾಕ್ರೋ ಇದ್ರಂತೂ ಭಾಳ ಚಲೋ, ವೈಡ್ ಲೆನ್ಸಿಂದ ತಗದ್ರ ಚಿತ್ರದ ಅಂಚು ಹೊಟ್ಟಿ ಬಂದಂಗ ಉಬ್ಬಿ ಕಾಣ್ತಾವ. ಎಫ್ 8, ಐಎಸ್ಒ 100, ಟ್ರೈಪಾಡ್, ಎರಡು ಸೆಕೆಂಡ್ ಟೈಮರ್, ರಾ ಫೈಲ್ (ಕ್ಯಾಮೆರಾ ತಿದ್ದಲಾರದ ಕೊಡೂ ಫೈಲ್). ಫೋನಿನಾಗ ಬ್ಯಾಡ್ರಿ, ಅದು ತಾನ ಶಾರ್ಪ್ ಮಾಡಿ, ತಾನ ನೆರಳು ಎತ್ತಿ, ತಂದ ಒಂದು ಚಿತ್ರ ಬರದು ಕೊಡ್ತೈತಿ.

ಲೈಟ್ ಎರಡು ಬೇಕ್ರಿ, ಎರಡೂ ಒಂದ ಕಂಪನಿದು ಒಂದ ಮಾಡೆಲ್, ಸಿಆರ್‌ಐ (ಬಣ್ಣ ಎಷ್ಟು ಖರೇ ತೋರಸ್ತೈತಿ ಅನ್ನೂ ಅಂಕಿ) 95ಕ್ಕ ಮ್ಯಾಲೆ. ಚಿತ್ರಕ್ಕ ಎರಡೂ ಕಡೆಯಿಂದ 45 ಡಿಗ್ರಿ ಕೋನದಾಗ, ದೂರ ಇಟ್ಟಷ್ಟು ಬೆಳಕು ಸಮ ಬೀಳ್ತೈತಿ. ಕಿಟಕಿ ಪರದೆ ಮುಚ್ಚಿ ಬಿಡ್ರಿ, ಟ್ಯೂಬ್‌ಲೈಟ್ ಆರಿಸ್ರಿ, ಗ್ವಾಡಿ ಬಣ್ಣ ಹಸರು ನೀಲಿ ಇದ್ರ ಅದೂ ಚಿತ್ರದ ಮ್ಯಾಲೆ ಬೀಳ್ತೈತಿ, ಕೆಂಪಂಗಿ ಹಾಕ್ಕೊಂಡು ಬಾಜೂಕ ನಿಂತ್ರ ಅದೂ. ನಾವು ಕಪ್ಪಂಗಿನ ಹಾಕ್ಕೋತೀವಿ, ನಗಬ್ಯಾಡ್ರಿ. ಬೆಳಕು ಸಮ ಐತೋ ಇಲ್ಲೋ ನೋಡಾಕ ಚಿತ್ರದ ಜಾಗಾದಾಗ ಅಷ್ಟ ದೊಡ್ಡದೊಂದು ಬಿಳೇ ಹಾಳಿ ಇಟ್ಟು ಫೋಟೋ ತಗದು ನಾಕೂ ಮೂಲಿ, ನಡುವ, ಎಲ್ಲಾ ಕಡೆ ಆರ್‌ಜಿಬಿ ಅಂಕಿ ನೋಡ್ರಿ, ಎರಡು ಮೂರು ಅಂಕಿ ಫರಕ್ ಇದ್ರ ನಡೀತೈತಿ, ಹತ್ತು ಇದ್ರ ಲೈಟ್ ಸರಸ್ರಿ. ಆ ಬಿಳೇ ಹಾಳಿ ಫೋಟೋ ಒಗೀಬ್ಯಾಡ್ರಿ, ಲೈಟ್‌ರೂಮ್ ಕ್ಲಾಸಿಕ್‌ನಾಗ ಫ್ಲ್ಯಾಟ್ ಫೀಲ್ಡ್ ಕರೆಕ್ಷನ್ ಅಂತ ಐತಿ, ಅದಕ್ಕ ಕೊಟ್ರ ಉಳಿದಿದ್ದು ಅದ ಸಮ ಮಾಡ್ತೈತಿ.

ಕ್ಯಾಮೆರಾ ಚಿತ್ರಕ್ಕ ನೆಟ್ಟಗ ಐತಿಲ್ಲೋ ತಿಳಿಯೂದು ಹೆಂಗಂದ್ರ ಒಂದು ಸಣ್ಣ ಕನ್ನಡಿ. ಚಿತ್ರ ಇಡೂ ಹಲಗಿ ಮ್ಯಾಲೆ ನಡುವ ಚಪ್ಪಟ ಇಟ್ಟು ವ್ಯೂಫೈಂಡರ್‌ನಾಗ ನೋಡ್ರಿ, ಲೆನ್ಸಿನ ಪ್ರತಿಬಿಂಬ ಕರೆಕ್ಟ್ ನಡುವ ಕಾಣ್ಬೇಕು. ಕಾಣಲಿಲ್ಲಂದ್ರ ಟ್ರೈಪಾಡ್ ಹಂದಾಡಸ್ರಿ. ಸಾಫ್ಟ್‌ವೇರ್‌ನಾಗ ಪರ್ಸ್ಪೆಕ್ಟಿವ್ ಎಳದು ಸರಿ ಮಾಡಬಹುದು, ಆದ್ರ ಎಳದ ಕಡೆ ಶಾರ್ಪ್‌ನೆಸ್ ಹೋಗ್ತೈತಿ.

ಆಮ್ಯಾಲೆ ಪ್ರತಿ ಸೆಟಪ್ಪಿಗೆ ಒಮ್ಮೆ 24 ಬಣ್ಣದ ಕಲರ್ ಚೆಕರ್ ಇಟ್ಟು ಒಂದು ಫೋಟೋ. ಇದರಿಂದ ವೈಟ್ ಬ್ಯಾಲೆನ್ಸೂ ಆಗ್ತೈತಿ, ಆ ಲೈಟಿಗೆ ಆ ಕ್ಯಾಮೆರಾಕ್ಕ ಪ್ರೊಫೈಲೂ ಆಗ್ತೈತಿ. ಚೆಕರ್ ಇಲ್ಲಂದ್ರ ಗ್ರೇ ಕಾರ್ಡರ ಇಡ್ರಿ.

ಎಣ್ಣಿ ಬಣ್ಣ, ಅಕ್ರಿಲಿಕ್, ವಾರ್ನಿಶ್ ಹೊಡದ ಚಿತ್ರ ಇದ್ರ ಲೈಟಿಗೆ ಪೋಲರೈಸಿಂಗ್ ಫಿಲ್ಮ್, ಲೆನ್ಸಿಗೆ ಸಿಪಿಎಲ್ (ಪೋಲರೈಸಿಂಗ್ ಫಿಲ್ಟರ್) ಹಾಕಿ ತಿರುವಿ ಹೊಳಪು ಕೊಲ್ಲಬೇಕಾಗ್ತೈತಿ. ನಿಮ್ಮ ವಾಟರ್‌ಕಲರ್‌ಗೆ ಅದೇನೂ ಬ್ಯಾಡ. ಎಣ್ಣಿ ಬಣ್ಣದ್ದಕ್ಕೂ ಪೂರ್ತಿ ಹೊಳಪು ತಗದ್ರ ಕುಂಚದ ದಪ್ಪ ಸತ್ತು ಪೋಸ್ಟರ್ ಆಗಿ ಬಿಡ್ತೈತಿ, ನಾ ಸಿಪಿಎಲ್ ಅರ್ಧಕ್ಕ ನಿಲ್ಲಿಸ್ತೀನಿ.

ನೀರುಬಣ್ಣ:

ಅಬ್ಬಾ, ಇಷ್ಟು ವಿವರವಾಗಿ ಬರ್ದಿದ್ದಕ್ಕೆ ಇಬ್ರಿಗೂ ಥ್ಯಾಂಕ್ಸ್. ಬ್ರೈಟ್‌ನೆಸ್ ಇಳಿಸಿ ಆ ಹಳೇ ಫೈಲ್ ನೋಡಿದೆ, ಬಂದಿರೋ ಪ್ರಿಂಟ್ ತರಾನೇ ಕಾಣ್ತಿದೆ!! ಅಂದ್ರೆ ಪ್ರಿಂಟ್ ಮಾಡಿದೋರು ಸುಳ್ಳು ಹೇಳಿಲ್ಲ.

ಪಿಂಕ್ ಒಪೆರಾ ಪಿಂಕ್ ಸರ್. ಅದೇನು ಅನುಮಾನ?

ಇನ್ನೂ ಎರಡು ಡೌಟು. ಬಿಳಿ ಜಾಗದ ವಿಷಯ ಯಾರೂ ಹೇಳ್ಲಿಲ್ಲ, ಮತ್ತೆ ಎ2.

ಬೂದುಕಾರ್ಡ್:

ಅನುಮಾನ ಅದೇ ಆಗಿತ್ತು. ಒಪೆರಾ ಪಿಂಕಲ್ಲಿ ಫ್ಲೋರೊಸೆಂಟ್ ಡೈ ಇರತ್ತೆ, ಅದು ಕಣ್ಣಿಗೆ ಕಾಣದ ಬೆಳಕನ್ನೂ ಹೀರಿ ಪಿಂಕ್ ಆಗಿ ವಾಪಸ್ ಉಗುಳತ್ತೆ, ಅದಕ್ಕೇ ಹಾಳೆ ಮೇಲೆ ಉರಿತಾ ಇದ್ದಂಗೆ ಕಾಣೋದು. ಮಾಮೂಲಿ ಪಿಗ್ಮೆಂಟ್ ಇಂಕ್‌ಗೆ ಆ ಶಕ್ತಿ ಇಲ್ಲ, ಫೈಲಲ್ಲಿ ಏನೇ ಮಾಡಿ ಬರಲ್ಲ. ಚಿನ್ನ ಬೆಳ್ಳಿ ಮೆಟಾಲಿಕ್ ಬಣ್ಣಗಳಿಗೂ ಇದೇ ಕತೆ, ಅದು ಕಂದು ಮತ್ತೆ ಬೂದು ಆಗಿ ಕೂರತ್ತೆ. ಮಾಡಬಹುದಾದ್ದು ಏನಪ್ಪಾ ಅಂದ್ರೆ ಪಿಂಕ್ ಸುತ್ತ ಇರೋ ಹಸಿರು ಬೂದುಗಳನ್ನ ಒಂದು ಚೂರು ತಣ್ಣಗೆ ಮಾಡಿ, ಪಿಂಕ್ ತಾನೇ ಮೇಲೆ ಬರತ್ತೆ. ಪಿಂಕ್ ಮೇಲೇ ಸ್ಯಾಚುರೇಶನ್ ಏರಿಸ್ಬೇಡಿ, ಒಂದು ಹಂತ ದಾಟಿದ್ರೆ ದಳದ ಒಳಗಿನ ಶೇಡ್ ಎಲ್ಲ ಒಂದೇ ಬಣ್ಣದ ತೇಪೆ ಆಗತ್ತೆ. ಅಂದಹಾಗೆ ಒಪೆರಾ ಬೆಳಕಿಗೆ ಮಾಸೋ ಬಣ್ಣ, ಒರಿಜಿನಲ್‌ನ ಬಿಸಿಲು ಬೀಳೋ ಗೋಡೆಗೆ ಹಾಕ್ಬೇಡಿ.

ಇದನ್ನೆಲ್ಲ ಪ್ರಿಂಟ್‌ಗೆ ಮುಂಚೆನೇ ನೋಡೋಕೆ ಸಾಫ್ಟ್ ಪ್ರೂಫ್ ಅಂತ ಇದೆ. ಯಾವ ಪ್ರಿಂಟರ್ ಯಾವ ಕಾಗದ ಅಂತ ಕೇಳಿ ಅದ್ರ ಐಸಿಸಿ ಪ್ರೊಫೈಲ್ ಇಸ್ಕೊಳಿ, ಫೋಟೋಶಾಪಲ್ಲಿ ವ್ಯೂ ಮೆನುವಲ್ಲಿ ಪ್ರೂಫ್ ಸೆಟಪ್ ಕಸ್ಟಮ್ ಅಂತ ಹೋಗಿ ಅದನ್ನ ಆರಿಸಿ, ಪ್ರಿಸರ್ವ್ ನಂಬರ್ಸ್ ಟಿಕ್ ತೆಗೀರಿ, ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್ ಟಿಕ್ ಹಾಕಿ, ರೆಂಡರಿಂಗ್ ಇಂಟೆಂಟ್ (ಪ್ರಿಂಟರ್‌ಗೆ ಆಗದ ಬಣ್ಣನ ಆಗೋ ಬಣ್ಣಕ್ಕೆ ತರೋ ರೀತಿ) ಅನ್ನೋ ಕಡೆ ರೆಲೆಟಿವ್ ಕಲರಿಮೆಟ್ರಿಕ್ ಮತ್ತೆ ಪರ್ಸೆಪ್ಚುವಲ್ ಎರಡೂ ಹಾಕಿ ನೋಡಿ. ವಾಟರ್‌ಕಲರ್‌ಗೆ ಬಹಳಷ್ಟು ಸಲ ರೆಲೆಟಿವ್ ಸಾಕು, ತುಂಬಾ ಗಾಢ ಬಣ್ಣ ಜಾಸ್ತಿ ಇದ್ರೆ ಪರ್ಸೆಪ್ಚುವಲ್. ಗಿಂಪ್, ಕ್ರಿತಾದಲ್ಲೂ ಸಾಫ್ಟ್ ಪ್ರೂಫ್ ಇದೆ. ಆದ್ರೆ ಮಾನಿಟರ್ ಸರಿ ಇಲ್ದೆ ಸಾಫ್ಟ್ ಪ್ರೂಫ್ ನೋಡೋದು ದಂಡ.

ಎ2: ನೀವು 300ರಲ್ಲಿ ಮಾಡಿರೋ ಎ4 ಸ್ಕ್ಯಾನ್ 2480 ಬೈ 3508 ಪಿಕ್ಸೆಲ್, ಅದನ್ನ ಎ2ಗೆ ಹಿಗ್ಗಿಸಿದ್ರೆ ಇಂಚಿಗೆ 150 ಮಾತ್ರ. 600ರಲ್ಲಿ ಸ್ಕ್ಯಾನ್ ಮಾಡಿ, ಎ2ಗೆ ಪೂರ್ತಿ 300 ಸಿಗತ್ತೆ, ಹಿಗ್ಗಿಸೋ ಕೆಲ್ಸಾನೇ ಇಲ್ಲ. ಫೈಲಲ್ಲಿ ಡಿಪಿಐ ಅಂಕಿ ಒಂದನ್ನೇ 150 ಇದ್ದಿದ್ದು 300 ಅಂತ ತಿದ್ದಿದ್ರೆ ಪಿಕ್ಸೆಲ್ ಹುಟ್ಟಲ್ಲ. ಎಐ ಅಪ್‌ಸ್ಕೇಲರ್ ಹಾಕ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ. ವಾಶ್ ಹರಿದ ಅಂಚು, ಪೆನ್ಸಿಲ್ ಗೆರೆ, ಇವನ್ನ ಅದು ತನ್ನಿಷ್ಟಕ್ಕೆ ಹೊಸದಾಗಿ ಕಲ್ಪಿಸ್ಕೊಳತ್ತೆ, ದೂರದಿಂದ ಚೆನ್ನಾಗಿರತ್ತೆ, ಹತ್ರ ಹೋದ್ರೆ ನಿಮ್ಮ ಕೈ ಅಲ್ಲ ಅದು. ಮತ್ತೆ ಒಂದು, ಎ4 ಚಿತ್ರ ಎ2 ಆದ್ರೆ ಪಿಕ್ಸೆಲ್ ಸರಿ ಇದ್ರೂ ಕುಂಚದ ಗೆರೆ ದಪ್ಪ ಡಬಲ್, ಕಾಗದದ ತರಿ ಡಬಲ್. ಸಣ್ಣದಾಗಿದ್ದಾಗ ಇದ್ದ ಬಿಗಿ ಕೆಲವು ಚಿತ್ರಕ್ಕೆ ಹೋಗತ್ತೆ, ಎ3ಗೆ ನಿಲ್ಲಿಸೋದು ಚೆನ್ನ ಅನ್ನೋದು ನನ್ನ ಅಭಿಪ್ರಾಯ.

ಬಿಳಿ ಜಾಗ: ತೆಗೀರಿ, ಆದ್ರೆ ಹುಷಾರಾಗಿ. ನಿಮ್ಮ ಕಾಗದದ ಬಿಳಿ ಫೈಲಲ್ಲಿ 235, 230, 222 ತರ ಏನೋ ಇರತ್ತೆ, ಪ್ರಿಂಟರ್ ಅದನ್ನ ಬಣ್ಣ ಅಂತ ತಿಳ್ಕೊಂಡು ಅಲ್ಲೂ ಇಂಕ್ ಚಿಮ್ಮಿಸತ್ತೆ, ಪ್ರಿಂಟ್ ಕಾಗದಕ್ಕೆ ಅದ್ರದ್ದೇ ಒಂದು ಬಿಳಿ ಇದೆ, ಎರಡು ಸೇರಿ ನಿಮ್ಮ ಬೂದು. ಕರ್ವ್ಸಲ್ಲಿ ಮೇಲಿನ ತುದಿ ಎಳೆದು ಖಾಲಿ ಕಾಗದನ 250ರ ಹತ್ರ ತನ್ನಿ, ತೆಳು ವಾಶ್ ಇರೋ ಕಡೆ ಮಾಸ್ಕ್ ಹಾಕಿ ಆ ಎಳೆತದಿಂದ ಅದನ್ನ ಕಾಪಾಡಿ. ಮ್ಯಾಜಿಕ್ ವಾಂಡಲ್ಲಿ ಬಿಳಿ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತೋದು ಮಾತ್ರ ಮಾಡ್ಲೇಬೇಡಿ, ಹೂವಿನ ಸುತ್ತ ಕತ್ತರಿಸಿ ಅಂಟಿಸಿದ ಅಂಚು ಬರತ್ತೆ.

ಹಾಳೆತರಿ:

ಬಿಳಿ ವಿಷಯದಲ್ಲಿ ನಾನು ಒಪ್ಪಲ್ಲ ಬೂದುಕಾರ್ಡ್. ನಾನೂ ವಾಟರ್‌ಕಲರೇ. ವಾಟರ್‌ಕಲರಲ್ಲಿ ಕಾಗದನೂ ಒಂದು ಬಣ್ಣ, ಅದನ್ನ ಬಿಟ್ಟ ಜಾಗ ಅಂತ ಯಾಕೆ ನೋಡ್ತೀರ. ಅದ್ರ ಕೆನೆ ಬಣ್ಣ ತೆಗೆದು 250 ಮಾಡಿದ್ರೆ ಪಕ್ಕದಲ್ಲಿರೋ ಬೆಚ್ಚಗಿನ ವಾಶ್‌ಗಳೆಲ್ಲ ಸಂಬಂಧ ಕಳ್ಕೊಂಡು ಒಂಟಿಯಾಗಿ ತೇಲ್ತವೆ. ನಾನು ಇಡೀ ಹಾಳೆ ಅದ್ರ ಒರಟು ಅಂಚು ಸಮೇತ, ಅಂಚಿನ ನೆರಳು ಸಮೇತ ಪ್ರಿಂಟ್ ಮಾಡಿಸೋದು, ದೊಡ್ಡ ಬಿಳಿ ಕಾಗದದ ಮೇಲೆ ಹಾಳೆ ಇಟ್ಟಂಗೆ ಕಾಣತ್ತೆ.

ಬೂದುಕಾರ್ಡ್:

ಹಾಳೆ ಅಂಚು ಸಮೇತ ತೋರಿಸೋದಾದ್ರೆ ನೀವು ಹೇಳಿದ್ದೇ ಸರಿ, ಅಲ್ಲಿ ಕೆನೆ ಬಣ್ಣ ಇರ್ಲೇಬೇಕು. ಅಂಚು ಕತ್ತರಿಸಿ ಚಿತ್ರ ಮಾತ್ರ ಮಾಡೋವಾಗ ಕೆನೆ ಉಳಿಸಿದ್ರೆ ಪ್ರಿಂಟ್ ಕಾಗದದ ಬಿಳಿ ಬಾರ್ಡರ್ ಜೊತೆ ಅದು ಕೊಳೆ ತರ ಕಾಣತ್ತೆ. ನೀರುಬಣ್ಣ ಅವ್ರ ಚಿತ್ರ ಯಾವ ತರದ್ದು ಅಂತ ಅವ್ರೇ ನಿರ್ಧಾರ ಮಾಡ್ಲಿ. ಮಧ್ಯದ ದಾರಿ ಒಂದಿದೆ, ಆಪ್ಟಿಕಲ್ ಬ್ರೈಟ್ನರ್ (ಬೆಳ್ಳಗೆ ಕಾಣ್ಲಿ ಅಂತ ಕಾಗದಕ್ಕೆ ಸೇರಿಸೋ ರಾಸಾಯನಿಕ) ಇಲ್ಲದ ಹತ್ತಿ ಕಾಗದ ತಗೊಂಡ್ರೆ ಅದೇ ಸ್ವಲ್ಪ ಕೆನೆ ಬಣ್ಣ ಇರತ್ತೆ, ಆಗ ಫೈಲಲ್ಲಿ ಬಿಳಿ ಮಾಡಿದ್ರೂ ಪ್ರಿಂಟಲ್ಲಿ ಬೆಚ್ಚಗೆ ಉಳಿಯತ್ತೆ. ಬ್ರೈಟ್ನರ್ ಇರೋ ಕಾಗದ ಹೊಸದ್ರಲ್ಲಿ ನೀಲಿ ಬಿಳಿ ಹೊಡೆಯತ್ತೆ, ವರ್ಷಗಳು ಹೋದಂಗೆ ಆ ಬ್ರೈಟ್ನರ್ ಸತ್ತು ಹಳದಿಗೆ ತಿರುಗತ್ತೆ.

ಟ್ಯಾಬ್ಲೆಟ್‌ಕುಂಚ:

ಮಧ್ಯೆ ನುಗ್ಗಿದ್ದಕ್ಕೆ ಸಾರಿ. ನಾನು ಐಪ್ಯಾಡಲ್ಲಿ ಪ್ರೊಕ್ರಿಯೇಟ್ ಅನ್ನೋ ಆ್ಯಪಲ್ಲೇ ಬರಿಯೋದು, ಒರಿಜಿನಲ್ಲೇ ಸ್ಕ್ರೀನಲ್ಲಿ ಇದೆ. ಅಂದ್ರೆ ನಂಗೆ ಈ ತಲೆನೋವು ಯಾವುದೂ ಇಲ್ಲ ಅಲ್ವಾ?

ಎರಡುಲೈಟು:

ಲೈಟಿನ ತಲಿನೋವು ಇಲ್ಲ, ಉಳದಿದ್ದೆಲ್ಲ ಡಬಲ್ ಐತಿ ತಮ್ಮಾ. 😄 ಅಕ್ಕಾರ ಹತ್ರ ಹೋಲಿಸಾಕ ಚಿತ್ರ ಐತಿ, ನಿನ್ನ ಹತ್ರ ಅದೂ ಇಲ್ಲ.

ಬೂದುಕಾರ್ಡ್:

ಅವ್ರು ತಮಾಷೆಗೆ ಹೇಳಿದ್ರೂ ವಿಷಯ ಅದೇ. ಕ್ಯಾನ್ವಾಸ್ ಶುರು ಮಾಡೋವಾಗ್ಲೇ ಕೊನೇ ಪ್ರಿಂಟ್ ಸೈಜಿನ ಪಿಕ್ಸೆಲ್ ಇಟ್ಕೊ, ಎ3 ಅಂದ್ರೆ 3508 ಬೈ 4961, ಲೇಯರ್ ಕಮ್ಮಿ ಸಿಗತ್ತೆ ಅಂತ ಸಣ್ಣ ಕ್ಯಾನ್ವಾಸಲ್ಲಿ ಬರೆದು ಆಮೇಲೆ ಹಿಗ್ಗಿಸ್ಬೇಡ. ಕಲರ್ ಪ್ರೊಫೈಲ್ ಡಿಸ್‌ಪ್ಲೇ ಪಿ3 ಅಥವಾ ಎಸ್‌ಆರ್‌ಜಿಬಿ, ಅಲ್ಲಿ ಸಿಎಂವೈಕೆ ಅಂತ ಇದೆ ಅದನ್ನ ಮುಟ್ಟಬೇಡ. ಉರಿಯೋ ನೀಲಿ, ನಿಯಾನ್ ಹಸಿರು ಹಾಕೋಕೆ ಮುಂಚೆ ಇವು ಪ್ರಿಂಟಲ್ಲಿ ಬರಲ್ಲ ಅಂತ ಗೊತ್ತಿರ್ಲಿ. ಟಿಫ್ ಅಥವಾ ಪಿಎಸ್‌ಡಿ ಎಕ್ಸ್‌ಪೋರ್ಟ್ ಮಾಡಿ ಒಂದು ಸಲ ಸಾಫ್ಟ್ ಪ್ರೂಫಲ್ಲಿ ನೋಡು.

ನೀರುಬಣ್ಣ:

ಹಾಳೆತರಿ ಅವ್ರ ಐಡಿಯಾ ಇಷ್ಟ ಆಯ್ತು, ಒಂದೆರಡು ಚಿತ್ರಕ್ಕೆ ಅಂಚು ಸಮೇತ ಟ್ರೈ ಮಾಡ್ತೀನಿ, ಹೂವಿನ ಸೀರೀಸ್‌ಗೆ ಬಿಳಿ ತೆಗೀತೀನಿ. ಕೊನೇದಾಗಿ, ಕಳಿಸೋ ಫೈಲ್ ಎಕ್ಸಾಕ್ಟಾಗಿ ಹೆಂಗಿರ್ಬೇಕು ಹೇಳಿಬಿಡಿ. ಫ್ರೇಮ್‌ಗೆ ಅಂತ ಬಾರ್ಡರ್ ನಾನೇ ಬಿಡ್ಬೇಕಾ?

ಬೂದುಕಾರ್ಡ್:

ಎರಡು ಫೈಲ್ ಇಟ್ಕೊಳಿ. ಒಂದು ಮಾಸ್ಟರ್, ಲೇಯರ್ ಎಲ್ಲ ಇರೋದು, 16 ಬಿಟ್, ಅಡೋಬ್ ಆರ್‌ಜಿಬಿ, ಶಾರ್ಪನ್ ಮಾಡದೇ ಇರೋದು, ಇದು ನಿಮ್ಮತ್ರಾನೇ. ಇನ್ನೊಂದು ಕಳಿಸೋಕೆ: ಮಾಸ್ಟರ್ ಕಾಪಿ ತಗೊಂಡು ಲೇಯರ್ ಫ್ಲ್ಯಾಟನ್ ಮಾಡಿ, ಪ್ರಿಂಟ್ ಸೈಜಿಗೆ ತಂದು, ಕೊನೇಲಿ ಸ್ವಲ್ಪ ಶಾರ್ಪನ್. ಮ್ಯಾಟ್ ಕಾಗದ ಇಂಕ್ ಹೀರ್ಕೊಂಡು ಮೆತ್ತಗೆ ಮಾಡತ್ತೆ ಅದಕ್ಕೆ ಸ್ಕ್ರೀನಲ್ಲಿ ಒಂದು ಕೂದಲೆಳೆ ಜಾಸ್ತಿ ಅನ್ನಿಸೋಷ್ಟು ಇರ್ಲಿ, ಆದ್ರೆ ಕೋಲ್ಡ್ ಪ್ರೆಸ್ ತರಿ ಮತ್ತೆ ಎದ್ದುಬಂದ್ರೆ ಬಿಟ್ಟಾಕಿ. ಟಿಫ್, ಎಲ್‌ಝಡ್‌ಡಬ್ಲ್ಯು ಕಂಪ್ರೆಶನ್ ಇದ್ರೆ ತೊಂದ್ರೆ ಇಲ್ಲ, ಪ್ರೊಫೈಲ್ ಎಂಬೆಡ್ ಆಗಿರ್ಬೇಕು. ಪ್ರೊಫೈಲ್ ಇಲ್ಲದ ಫೈಲ್ ಕೊಟ್ರೆ ಅದು ಯಾವ ಬಣ್ಣ ಅಂತ ಅವ್ರ ಸಾಫ್ಟ್‌ವೇರ್ ಊಹೆ ಮಾಡತ್ತೆ, ಅಡೋಬ್ ಆರ್‌ಜಿಬಿ ಫೈಲ್‌ನ ಎಸ್‌ಆರ್‌ಜಿಬಿ ಅಂತ ಊಹೆ ಮಾಡಿದ್ರೆ ಇಡೀ ಚಿತ್ರ ಸಪ್ಪೆ. ವಾಟ್ಸಾಪಲ್ಲಿ ಕಳಿಸ್ಬೇಡಿ, ಫೋಟೋ ಆಗಿ ಕಳಿಸಿದ್ರೆ ಅದು ಕುಗ್ಗಿಸಿಬಿಡತ್ತೆ, ಡ್ರೈವ್ ಲಿಂಕ್ ಕೊಡಿ.

ಬಾರ್ಡರ್ ಎಷ್ಟು ಬೇಕು ಅಂತ ಪ್ರಿಂಟ್ ಮಾಡೋರಿಗೆ ಹೇಳಿದ್ರೆ ಅವ್ರೇ ಹಾಕ್ತಾರೆ, ಫೈಲ್ ಒಳಗೆ ಸೇರಿಸೋಕೆ ಹೋದ್ರೆ ಅವ್ರು ಇನ್ನೊಂದು ಸಲ ಹಾಕಿ ಚಿತ್ರ ಸಣ್ಣದಾಗೋ ಚಾನ್ಸ್ ಇದೆ. ಸುತ್ತ ಎರಡೂವರೆಯಿಂದ ಐದು ಸೆಂಟಿಮೀಟರ್ ಇದ್ರೆ ಫ್ರೇಮ್ ಹಾಕೋರಿಗೂ ಹಿಡಿಯೋಕೆ ಜಾಗ, ನಿಮಗೆ ಸಹಿ ಮತ್ತೆ ಎಡಿಶನ್ ನಂಬರ್ ಪೆನ್ಸಿಲಲ್ಲಿ ಬರೆಯೋಕೂ ಜಾಗ. ಮೌಂಟ್ (ಫ್ರೇಮ್ ಒಳಗೆ ಚಿತ್ರದ ಸುತ್ತ ಇಡೋ ರಟ್ಟು) ಚಿತ್ರದ ಅಂಚನ್ನ ಕೆಲವು ಮಿಲಿಮೀಟರ್ ನುಂಗತ್ತೆ, ಅಂಚಿಗೆ ಅಂಟ್ಕೊಂಡಂಗೆ ಸಹಿ ಹಾಕಿರೋ ಚಿತ್ರ ಇದ್ರೆ ಮೊದ್ಲೇ ಹೇಳಿ.

ಪೂರ್ತಿ ಪ್ರಿಂಟ್‌ಗೆ ಮುಂಚೆ ಟೆಸ್ಟ್ ಸ್ಟ್ರಿಪ್ ಕೇಳಿ. ಇಡೀ ಚಿತ್ರನ ಕುಗ್ಗಿಸಿ ಮಾಡಿದ್ದಲ್ಲ, ಪೂರ್ತಿ ಸೈಜಲ್ಲಿ ಇರೋ ಎರಡು ಮೂರು ಪಟ್ಟಿ, ಅದೇ ಕಾಗದದ ಮೇಲೆ: ಹಳದಿ ವಾಶ್ ಖಾಲಿ ಕಾಗದಕ್ಕೆ ಸೇರೋ ಜಾಗ ಒಂದು, ಪಿಂಕ್ ದಳ ಒಂದು, ನಿಮ್ಮ ಅತಿ ಗಾಢ ನೆರಳು ಒಂದು. ಬಂದ ಕೂಡ್ಲೆ ತೀರ್ಪು ಕೊಡ್ಬೇಡಿ, ಇಂಕ್ ಒಂದು ದಿನ ಕೂರ್ಲಿ. ಆಮೇಲೆ ಒರಿಜಿನಲ್ ಪಕ್ಕ ಇಟ್ಟು ಕಿಟಕಿ ಬೆಳಕಲ್ಲಿ ಒಮ್ಮೆ, ರಾತ್ರಿ ಮನೆ ಲೈಟಲ್ಲಿ ಒಮ್ಮೆ ನೋಡಿ, ಒಂದು ಬೆಳಕಲ್ಲಿ ಮ್ಯಾಚ್ ಆಗಿ ಇನ್ನೊಂದರಲ್ಲಿ ಆಗ್ದೇ ಇದ್ರೆ ಗಾಬರಿ ಬೇಡ, ಟ್ಯೂಬಿನ ಪಿಗ್ಮೆಂಟೂ ಇಂಕೂ ಬೇರೆ ಬೇರೆ ಆದ್ರಿಂದ ಅದು ಪೂರ್ತಿ ತಪ್ಪಲ್ಲ. ಸ್ಟ್ರಿಪ್ ಹಿಂದೆ ಫೈಲ್ ಹೆಸರು, ಕಾಗದ, ಯಾವ ರೆಂಡರಿಂಗ್ ಇಂಟೆಂಟ್ ಅಂತ ಬರೆದಿಟ್ಕೊಳಿ, ಆರು ತಿಂಗಳಾದ್ಮೇಲೆ ಅದೇ ಎಡಿಶನ್‌ನ ಮುಂದಿನ ಪ್ರಿಂಟ್ ಬೇಕಾದಾಗ ಅವ್ರ ಕೈಗೆ ಅದನ್ನ ಕೊಟ್ಟು ಹೀಗೇ ಬರ್ಲಿ ಅನ್ನಬಹುದು.